ಕಾರ್ಖಾನೆಯ ನಾತ: ದೂರು ಯಾರಿಗೆ, ಹೇಗೆ?

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಸೀಮೆಯ ಗಾಳಿಯಲ್ಲೇ ಬೆಲ್ಲದ ಕಂಪಿರುತ್ತದೆ. ಅದಕ್ಕೆ ಯಾರ ತಕರಾರೂ ಇಲ್ಲ. ಜನ ಮೂಗು ಮುಚ್ಚಿಕೊಳ್ಳುವುದು ತೆರೆದ ಹೊಂಡದಲ್ಲಿ ಕೊಳೆಯುವ ಡಿಸ್ಟಿಲರಿ ತ್ಯಾಜ್ಯಕ್ಕೆ, ಗುಡ್ಡೆ ಬಿದ್ದ ಪ್ರೆಸ್‌ಮಡ್‌ಗೆ, ಭತ್ತ ನೆನೆಸಿದ ನೀರನ್ನು ಚರಂಡಿಗೆ ಬಿಡುವ ಅಕ್ಕಿ ಗಿರಣಿಗೆ, ಒಲೆಗೆ ರಚ್ಚಿನ ಬದಲು ಹಳೇ ಟೈರು ತುರುಕುವ ಆಲೆಮನೆಗೆ. ಕದ ಮುಚ್ಚಿಕೊಂಡು ಉಣ್ಣುವ ಹಾಗಾದಾಗ ಊರವರು ಮೊದಲು ಗೇಟಿನ ಮುಂದೆ ಕೂಗಾಡುತ್ತಾರೆ, ಆಮೇಲೆ ಪೊಲೀಸ್ ಠಾಣೆಗೆ ಹೋಗುತ್ತಾರೆ. ಠಾಣೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಇದೆ, ಗಾಳಿ ಕೆಡಿಸಿದ್ದಕ್ಕೆ 280ನೇ ಕಲಂ ಇದೆ. ಎರಡರಲ್ಲೂ ದಂಡ ಒಂದು ಸಾವಿರ ರೂಪಾಯಿ ದಾಟುವುದಿಲ್ಲ. ಕಾರ್ಖಾನೆಗೆ ಅದೊಂದು ಲೆಕ್ಕವೇ?

ನಿಜವಾದ ಬಲ ಇರುವುದು ಉಪವಿಭಾಗಾಧಿಕಾರಿಯ (ಎಸಿ) ಕಚೇರಿಯಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೆ ಸೇರಿವೆ. ಇಲ್ಲಿನ ಉಪವಿಭಾಗಾಧಿಕಾರಿಯೇ ಉಪವಿಭಾಗೀಯ ದಂಡಾಧಿಕಾರಿ ಕೂಡ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ (ಹಳೆಯ ಸಿಆರ್‌ಪಿಸಿಯ 133) ಪ್ರಕಾರ, ಯಾವುದೇ ಉದ್ಯಮ ಸುತ್ತಲಿನ ಜನರ ಆರೋಗ್ಯಕ್ಕೆ ಅಥವಾ ದೈಹಿಕ ನೆಮ್ಮದಿಗೆ ಭಂಗ ತಂದರೆ, ಅದನ್ನು ನಿಲ್ಲಿಸು, ಸರಿಪಡಿಸು, ಇಲ್ಲವೇ ಬೇರೆಡೆಗೆ ಒಯ್ಯಿ ಎಂದು ಅವರು ಷರತ್ತಿನ ಆದೇಶ ಹೊರಡಿಸಬಹುದು. 'ನೆಮ್ಮದಿ' ಎಂದಿರುವುದರಿಂದ ಕಾಯಿಲೆ ಬಂದದ್ದಕ್ಕೆ ಆಸ್ಪತ್ರೆ ಚೀಟಿ ತೋರಿಸಲೇಬೇಕೆಂದಿಲ್ಲ. ಆದರೆ ಬಾಧೆ ಒಬ್ಬರದಾಗಿದ್ದರೆ ಸಾಲದು, ಬೀದಿಯದಾಗಿರಬೇಕು. ಕಾರ್ಖಾನೆಯವರು ಹಾಜರಾಗಿ ಆಕ್ಷೇಪಿಸಿದರೆ ವಿಚಾರಣೆ 90 ದಿನಗಳಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 120 ದಿನಗಳಲ್ಲಿ ಮುಗಿಯಬೇಕು.

ಈ ಕಲಮಿನ ಶಕ್ತಿ ತೋರಿಸಿದ್ದು ಮಧ್ಯಪ್ರದೇಶದ ರತ್ಲಾಮ್ ಪ್ರಕರಣ. ಮದ್ಯಸಾರ ಘಟಕದ ದುರ್ವಾಸನೆಯ ನೀರು, ತೆರೆದ ಚರಂಡಿ ಎರಡರಿಂದಲೂ ಬೇಸತ್ತ ನಿವಾಸಿಗಳು ದಂಡಾಧಿಕಾರಿಯ ಬಳಿಗೆ ಹೋದರು. ದುಡ್ಡಿಲ್ಲವೆಂದು ನಗರಸಭೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನೆಪ ಒಪ್ಪಲಿಲ್ಲ.

ಎಸಿ ಕಚೇರಿಯಲ್ಲಿ 'ಇದು ಮಾಲಿನ್ಯ ಮಂಡಳಿಯ ವಿಷಯ, ನಮ್ಮದಲ್ಲ' ಎನ್ನಬಹುದು. ಅದು ಪೂರ್ತಿ ಪೊಳ್ಳು ಮಾತಲ್ಲ. ಹರಿಹರ ಪಾಲಿಫೈಬರ್ಸ್ ಪ್ರಕರಣದಲ್ಲಿ ನಮ್ಮ ಹೈಕೋರ್ಟೇ 1997ರಲ್ಲಿ ಹಾಗೆ ಹೇಳಿತ್ತು. ಆದರೆ 2003ರಲ್ಲಿ ಕೇಡಿಯಾ ಲೆದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಸರ ಕಾಯ್ದೆಗಳು ಬಂದ ಮಾತ್ರಕ್ಕೆ 133ನೇ ಕಲಂ ಸತ್ತಿಲ್ಲ ಎಂದು ತೀರ್ಪಿತ್ತಿತು. ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಬರೆಯಿರಿ. ಇನ್ನು 'ಕಾರ್ಖಾನೆ ಊರಿಗೆ ಅನ್ನ ಕೊಟ್ಟಿದೆ' ಎಂಬ ಮಾತು ಬಂದೇ ಬರುತ್ತದೆ, ಕಬ್ಬು ಬೆಳೆಗಾರರ ಮನೆಯಿಂದಲೇ ಬರುತ್ತದೆ. ಅನುಕೂಲವಿದೆ ಎಂಬ ಕಾರಣಕ್ಕೆ ಉಪದ್ರವಕ್ಕೆ ಮಾಫಿ ಇಲ್ಲ ಎಂದು ನ್ಯಾಯ ಸಂಹಿತೆಯ 270ನೇ ಕಲಂ ನೇರವಾಗಿ ಹೇಳುತ್ತದೆ.

ಮಂಡಳಿಯನ್ನೂ ಬಿಡಬೇಡಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮಂಡ್ಯದಲ್ಲೇ ಇದೆ. ತೊಡಕು ಒಂದೇ: ಹೊಗೆಗೆ, ಕೊಳಚೆ ನೀರಿಗೆ ಮಿತಿ ಅಂಕಿಗಳಿವೆ, ನಮ್ಮ ದೇಶದಲ್ಲಿ ವಾಸನೆಗೆ ಹಾಗೊಂದು ಅಂಕಿ ಇಲ್ಲ. ಹಾಗಾಗಿ 'ನಾತ ಬರುತ್ತಿದೆ' ಎಂದಷ್ಟೇ ಬರೆದ ದೂರು ಫೈಲಿನಲ್ಲೇ ಉಳಿಯುತ್ತದೆ. ಹಿಡಿಯಬೇಕಾದದ್ದು ಕಾರ್ಖಾನೆ ನಡೆಸಲು ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳನ್ನು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಆ ಪತ್ರ ಮತ್ತು ಹಿಂದಿನ ತಪಾಸಣಾ ವರದಿಗಳ ಪ್ರತಿ ಕೇಳಿ, 30 ದಿನಗಳಲ್ಲಿ ಉತ್ತರ ಕೊಡಬೇಕು. ಷರತ್ತು ಮೀರಿದ್ದು ಕಂಡರೆ ದೂರಿನಲ್ಲಿ ಅದನ್ನೇ ಬರೆಯಿರಿ. ವಾಯು ಕಾಯ್ದೆಯ 31ಎ ಕಲಮಿನಡಿ ಘಟಕ ಮುಚ್ಚಿಸುವ, ಕರೆಂಟು ಕಡಿತಗೊಳಿಸುವ ಅಧಿಕಾರ ಮಂಡಳಿಗಿದೆ. 2024ರ ಏಪ್ರಿಲ್‌ನಿಂದ ಈ ಕಾಯ್ದೆಯ ದಂಡ ಕನಿಷ್ಠ ಹತ್ತು ಸಾವಿರ, ಗರಿಷ್ಠ ಹದಿನೈದು ಲಕ್ಷ ರೂಪಾಯಿ. ಸಣ್ಣ ಗಿರಣಿ, ಆಲೆಮನೆಯಾದರೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿಯನ್ನೂ ವಿಚಾರಿಸಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸನ್ನು ತೋರಿಸಿ ಬಾಯಿ ಮುಚ್ಚಿಸಲು ನೋಡುವವರಿದ್ದಾರೆ. ಅದು ಆಹಾರದ ಸುರಕ್ಷತೆಗೆ ಸಂಬಂಧಿಸಿದ್ದು, ಬೀದಿಯ ಗಾಳಿಗಲ್ಲ.

ಇದಕ್ಕೆಲ್ಲ ಆಧಾರ ಒಂದು ಸಾಧಾರಣ ನೋಟ್‌ಬುಕ್. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಗಾಳಿ ಯಾವ ಕಡೆಯಿಂದ, ಯಾರಿಗೆ ಏನಾಯಿತು ಎಂದು ನಾಲ್ಕಾರು ಮನೆಯವರು ಬೇರೆ ಬೇರೆಯಾಗಿ ಬರೆದಿಡಲಿ. ಅಧಿಕಾರಿಗಳು ಮಧ್ಯಾಹ್ನ ಬರುತ್ತಾರೆ, ನಾತ ರಾತ್ರಿ ಬರುತ್ತದೆ. ಪುಸ್ತಕ ನೋಡಿ ತಪಾಸಣೆಯ ಹೊತ್ತು ಗೊತ್ತುಮಾಡಲು ಕೇಳಬಹುದು. ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ.

ಇಬ್ಬರು ಸೇರಿ ನ್ಯಾಯಾಲಯದ ಅನುಮತಿ ಪಡೆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಡಿ ದಾವೆಯನ್ನೂ ಹೂಡಬಹುದು. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ. ಕೊನೆಯ ಬಾಗಿಲು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ. ಅಲ್ಲಿ ತಕರಾರು ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ಮಂಡಳಿಯ ಉತ್ತರಕ್ಕೆ ಕಾಯುತ್ತಾ ಆ ಗಡುವು ದಾಟಿಸಿಕೊಳ್ಳಬೇಡಿ.