ಒಂದು ಮಾತಿಗೆ ಒಂದೇ ಅರ್ಥ: ನ್ಯೂಟ್ರಾನ್ ವಿಕಿರಣದ ಅಳತೆ

‘ಅವಸರ’ ಎಂದರೆ ಕನ್ನಡದಲ್ಲಿ ಆತುರ. ಮಲೆಯಾಳದಲ್ಲಿ ಅದೇ ಮಾತಿಗೆ ಅವಕಾಶ ಎಂದರ್ಥ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಕಾಸರಗೋಡಿನ ಮಕ್ಕಳು ಇಂತಹ ಮಾತಿನಲ್ಲಿ ಎಡವಿದರೆ ತರಗತಿಯಲ್ಲಿ ನಗುವೆದ್ದು ಮುಗಿಯುತ್ತದೆ. ಆದರೆ ವಿಜ್ಞಾನದಲ್ಲಿ ಒಂದು ಅಳತೆಯ ಮಾತು ಎರಡು ಅರ್ಥ ಕೊಟ್ಟರೆ ಪ್ರಾಣಕ್ಕೇ ಅಪಾಯ. ನ್ಯೂಟ್ರಾನ್ ವಿಕಿರಣದ ಅಳತೆಯ ಕಥೆ ಇದಕ್ಕೆ ನಿದರ್ಶನ.

ಜೇಮ್ಸ್ ಚಾಡ್ವಿಕ್ ಅವರು ನ್ಯೂಟ್ರಾನನ್ನು ಕಂಡುಹಿಡಿದುದು 1932ರಲ್ಲಿ. ಆಗ ವಿಕಿರಣಕ್ಕಿದ್ದ ಏಕಮಾನ ರಾಂಟ್ಜನ್. ಎಕ್ಸ್-ಕಿರಣವು ಗಾಳಿಯಲ್ಲಿ ಎಷ್ಟು ವಿದ್ಯುದಂಶವನ್ನು ಉಂಟುಮಾಡುತ್ತದೆ ಎಂಬುದೇ ಅದರ ಆಧಾರ. ವೇಗದ ನ್ಯೂಟ್ರಾನಾದರೋ ಮುಖ್ಯವಾಗಿ ದೇಹದ ಹೈಡ್ರೋಜನ್ ಬೀಜಗಳಿಗೆ ಡಿಕ್ಕಿ ಹೊಡೆದು ಹಾನಿ ಮಾಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಅತ್ಯಲ್ಪ. ಆದುದರಿಂದ ಗಾಳಿಯ ಅಳತೆ ದೇಹದ ಸ್ಥಿತಿಯನ್ನು ಹೇಳಲಾರದು. ಆದರೂ ಎಕ್ಸ್-ಕಿರಣದ ಉಪಕರಣವನ್ನೇ ನ್ಯೂಟ್ರಾನಿಗೂ ಒಡ್ಡಿ, ಅದು ತೋರಿಸಿದ ಅಂಕೆಯನ್ನು ‘ಎನ್’ ಎಂಬ ಏಕಮಾನದಿಂದ ಕರೆದರು.

1938ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಡಾ. ರಾಬರ್ಟ್ ಸ್ಟೋನ್ ಅವರು ಕ್ಯಾನ್ಸರ್ ರೋಗಿಗಳಿಗೆ ನ್ಯೂಟ್ರಾನ್ ಚಿಕಿತ್ಸೆಯನ್ನು ಆರಂಭಿಸಿದರು. ಬದುಕಿ ಉಳಿದ ಹಲವರಲ್ಲಿ ಕಾಲಕ್ರಮೇಣ ತೀವ್ರವಾದ ಹಾನಿ ಕಾಣಿಸಿತು. ಎಕ್ಸ್-ಕಿರಣದ ಅನುಭವದಿಂದ ಅದನ್ನು ಮುಂದಾಗಿ ಎಣಿಸಲು ಸಾಧ್ಯವಾಗಿರಲಿಲ್ಲ. ಈ ಚಿಕಿತ್ಸೆಯನ್ನು ಮುಂದುವರಿಸಬಾರದೆಂದು 1948ರಲ್ಲಿ ಅವರೇ ಬರೆದರು.

ಇಲ್ಲಿ ಪ್ರಶ್ನೆಗಳು ಎರಡು ಎಂಬುದನ್ನು ನಾವು ಗಮನಿಸಬೇಕು. ದೇಹ ಹೀರಿದ ಚೈತನ್ಯ ಎಷ್ಟು? ಅದರಿಂದಾಗುವ ಹಾನಿ ಎಷ್ಟು? ಒಂದು ತೆಂಗಿನಕಾಯಿಯೂ ಅಷ್ಟೇ ತೂಕದ ತರಗೆಲೆಗಳೂ ತಲೆಯ ಮೇಲೆ ಬಿದ್ದರೆ ನೋವು ಒಂದೇ ಆಗುವುದೇ?

ಮೊದಲನೆಯದಕ್ಕೆ ಏಕಮಾನ ‘ಗ್ರೇ’. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಚೈತನ್ಯವನ್ನು ಹೀರಿದರೆ ಅದು 1 ಗ್ರೇ. ಬ್ರಿಟಿಷ್ ವಿಜ್ಞಾನಿ ಎಲ್. ಎಚ್. ಗ್ರೇ ಅವರ ಹೆಸರು 1975ರಲ್ಲಿ ಅಂಗೀಕೃತವಾಯಿತು. ಎರಡನೆಯದಕ್ಕೆ, ಸ್ವೀಡನ್ನಿನ ರೋಲ್ಫ್ ಸೀವರ್ಟ್ ಅವರ ನೆನಪಿಗೆ, 1979ರಲ್ಲಿ ‘ಸೀವರ್ಟ್’ ಬಂತು. ಹಳೆಯ ಪುಸ್ತಕಗಳ 100 ರಾಡ್ ಈಗಿನ 1 ಗ್ರೇ. 100 ರೆಮ್ ಈಗಿನ 1 ಸೀವರ್ಟ್.

ಗ್ರೇಯಿಂದ ಸೀವರ್ಟಿಗೆ ಬರಲು ವಿಕಿರಣದ ತೂಕಾಂಕದಿಂದ ಗುಣಿಸಬೇಕು. ಗಾಮಾ ಕಿರಣಕ್ಕೆ ತೂಕಾಂಕ 1. ನ್ಯೂಟ್ರಾನಿಗೆ ಅದರ ಚೈತನ್ಯಕ್ಕೆ ತಕ್ಕಂತೆ ಸುಮಾರು 2.5ರಿಂದ 20.

ಒಂದು ಲೆಕ್ಕ ಮಾಡೋಣ. ಇಡೀ ಮೈ 1 ಮಿಲಿಗ್ರೇ ಗಾಮಾ ಹೀರಿದರೆ 1 ಮಿಲಿಸೀವರ್ಟ್. ಸುಮಾರು ಹತ್ತು ಲಕ್ಷ ಇಲೆಕ್ಟ್ರಾನ್-ವೋಲ್ಟಿನ ನ್ಯೂಟ್ರಾನುಗಳಿಂದ ಅಷ್ಟೇ ಹೀರಿದರೆ ಸುಮಾರು 20 ಮಿಲಿಸೀವರ್ಟ್. ವಿಕಿರಣದೊಡನೆ ದುಡಿಯುವವರಿಗೆ ಅಂತಾರಾಷ್ಟ್ರೀಯ ಆಯೋಗವು ಸೂಚಿಸಿದ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ, ವರ್ಷಕ್ಕೆ 20 ಮಿಲಿಸೀವರ್ಟ್! ಬರಿಯ ‘ಒಂದು’ ಎಂದು ಬರೆದಿಟ್ಟರೆ ಈ ಅಂತರ ತಿಳಿಯುವುದೆಂತು?

ಉತ್ತರದ ಮುಂದೆ ಏಕಮಾನವನ್ನು ಬರೆಯದ ವಿದ್ಯಾರ್ಥಿಗೆ ನಾವು ಅರ್ಧ ಅಂಕ ಕಡಿಮೆ ಕೊಡುವುದುಂಟು. ಅದು ಜಿಪುಣತನವಲ್ಲವೆಂದು ಇನ್ನಾದರೂ ನಂಬುವಿರಷ್ಟೆ!