ತೋಟದ ಮನೆಗೆ ಸೋಲಾರ್: ಪ್ಲೇಟು ಕೊಳ್ಳುವ ಮೊದಲು ಲೆಕ್ಕ

ಗಡಿಯಾಚೆ ಕರ್ನಾಟಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕು ಹರಡಿಕೊಂಡಿದೆ. ಇತ್ತ ಆಂಧ್ರದ ಕದಿರಿ ಸೀಮೆಯ ನಂಬುಲಪೂಲಕುಂಟದಲ್ಲಿ ಇನ್ನೊಂದು ಇದೆ. ಸುತ್ತಮುತ್ತಲಿನ ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗದ ಹೊಲಗಳ ಮೇಲೂ ಬೀಳುವುದು ಅದೇ ಬಿಸಿಲು. ಆದರೂ ಊರು ಬಿಟ್ಟು ಹೊಲದಲ್ಲಿ ಮನೆ ಕಟ್ಟಿಕೊಂಡವರಿಗೆ ಕತ್ತಲಾದ ಮೇಲೆ ಕರೆಂಟಿನ ಚಿಂತೆ ತಪ್ಪಿಲ್ಲ. ಬೋರ್‌ವೆಲ್ ಲೈನಿಗೆ ದಿನಕ್ಕೆ ಸಿಗುವುದು 9 ಗಂಟೆ. ಅದು ಪಂಪಿಗೆ ಸಾಕು, ಮಕ್ಕಳ ಓದಿಗೂ ರಾತ್ರಿಯ ಫ್ಯಾನಿಗೂ ಒದಗದು. ಇಂಥ ಮನೆಗೆ ಸೋಲಾರ್ ಹಾಕಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು "ಎಷ್ಟು ಕಿಲೋವಾಟ್ ಬೇಕು" ಎಂದು. ಆ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಕೊನೆಯಲ್ಲಿ. ಮೊದಲ ಹೆಜ್ಜೆಗಳು ಬೇರೆಯೇ ಇವೆ.

1. ಮನೆಗೆ ಲೈನಿನ ಕರೆಂಟು ಚೆನ್ನಾಗಿ ಬರುತ್ತಿದ್ದರೆ ಆಫ್‌ಗ್ರಿಡ್‌ಗೆ ಹೋಗಬೇಡಿ.

ಊರೊಳಗಿನ ಮನೆಗೆ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಇದೆ. 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000 ರೂಪಾಯಿ, 3 ಕಿಲೋವಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಬ್ಸಿಡಿ. ಆದರೆ ಇದು ಲೈನಿಗೆ ಸೇರಿಸುವ ಸೋಲಾರ್‌ಗೆ ಮಾತ್ರ. ಬ್ಯಾಟರಿ ಇಟ್ಟುಕೊಂಡು ಲೈನಿನ ನಂಟೇ ಇಲ್ಲದೆ ನಡೆಸುವ ಆಫ್‌ಗ್ರಿಡ್ ಮನೆಗೆ ಆ ಹಣ ಬರುವುದಿಲ್ಲ. "ಎಲ್ಲಕ್ಕೂ ಸಬ್ಸಿಡಿ ಇದೆ" ಎನ್ನುವ ಏಜೆಂಟನ ಮಾತನ್ನು ಅಲ್ಲೇ ನಿಲ್ಲಿಸಿ ಕೇಳಿ. ಇನ್ನೊಂದು ವಿಷಯವೂ ತಿಳಿದಿರಲಿ. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್, ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. ಪವರ್ ಕಟ್‌ನಲ್ಲೂ ದೀಪ ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಿ.

2. ನಿಮ್ಮ ರಾತ್ರಿಯನ್ನು ಹಾಳೆಯ ಮೇಲೆ ಬರೆಯಿರಿ.

ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ, ಕರ್ನಾಟಕದ ಹಳ್ಳಿಗಳಲ್ಲಿ ಸೋಲಾರ್ ನೆಲೆಯೂರಿಸಿದ್ದು ಈ ದಾರಿಯಲ್ಲೇ: ಮನೆಗೆ ಹೋಗು, ಯಾರು ಎಲ್ಲಿ ಕೂತು ಏನು ಮಾಡುತ್ತಾರೆ ನೋಡು, ದೀಪ ಎಲ್ಲಿ ಬೇಕೋ ಅಲ್ಲಿ ಹಾಕು. ಆ ಕೆಲಸಕ್ಕೆ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀವೂ ಅದನ್ನೇ ಮಾಡಿ. ಐದಾರು ಜನರಿರುವ ಒಂದು ತೋಟದ ಮನೆಯ ಲೆಕ್ಕ ಹೀಗೆ ಬರುತ್ತದೆ:

9 ವಾಟ್‌ನ ಎಲ್‌ಇಡಿ ಬಲ್ಬು 5, ದಿನಕ್ಕೆ 5 ಗಂಟೆ: 225 ವಾಟ್-ಅವರ್.
30 ವಾಟ್‌ನ ಬಿಎಲ್‌ಡಿಸಿ (ಕಮ್ಮಿ ಕರೆಂಟು ಎಳೆಯುವ) ಫ್ಯಾನು 2, 10 ಗಂಟೆ: 600.
50 ವಾಟ್‌ನ ಟಿವಿ, 4 ಗಂಟೆ: 200.
ಮೂರು ಫೋನ್ ಚಾರ್ಜು: 50.
500 ವಾಟ್ ಮಿಕ್ಸಿ, 10 ನಿಮಿಷ: 85.
ಇನ್ವರ್ಟರ್ ತಾನೇ ತಿನ್ನುವುದು, 15 ವಾಟ್‌ನಂತೆ 12 ಗಂಟೆ: 180.

ಒಟ್ಟು 1,340. ಅಂದರೆ ದಿನಕ್ಕೆ 1.34 ಯೂನಿಟ್. ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಅಂಗಡಿಯವರಂತೂ ಹೇಳುವುದೇ ಇಲ್ಲ. ಏನೂ ಓಡದಿದ್ದರೂ ಇನ್ವರ್ಟರ್ ಆನ್ ಇದ್ದಷ್ಟು ಹೊತ್ತು ಕರೆಂಟು ತಿನ್ನುತ್ತಲೇ ಇರುತ್ತದೆ. ಕೊಳ್ಳುವಾಗ "ಲೋಡ್ ಇಲ್ಲದಿದ್ದರೆ ಎಷ್ಟು ವಾಟ್ ಎಳೆಯುತ್ತದೆ" ಎಂದು ಕೇಳಿ. ಹಗಲು ಹೊಲಕ್ಕೆ ಹೋಗುವಾಗ ಆಫ್ ಮಾಡಿ ಹೋಗಿ. ಇನ್ವರ್ಟರ್ ಸೈನ್‌ವೇವ್ ಆಗಿರಲಿ, ಇಲ್ಲದಿದ್ದರೆ ಫ್ಯಾನು ಗುಂಯ್‌ಗುಡುತ್ತದೆ, ಮೋಟಾರುಗಳು ಬಿಸಿಯಾಗುತ್ತವೆ.

3. ಮೊದಲು ಫ್ಯಾನು ಬದಲಿಸಿ, ಆಮೇಲೆ ಪ್ಲೇಟಿನ ಮಾತು.

ಹಳೆಯ ಫ್ಯಾನು 75 ವಾಟ್ ಎಳೆಯುತ್ತದೆ. ಮೇಲಿನ ಮನೆಯಲ್ಲಿ ಅಂಥವೇ ಎರಡು ಇದ್ದರೆ ಲೆಕ್ಕ 1,340ರಿಂದ 2,240ಕ್ಕೆ ಏರುತ್ತದೆ. ಹೆಚ್ಚಿದ ಆ 900ಕ್ಕಾಗಿ ಇನ್ನೂ 300 ವಾಟ್‌ಗೆ ಮೀರಿದ ಪ್ಲೇಟು, ಇನ್ನೊಂದು ದೊಡ್ಡ ಬ್ಯಾಟರಿ ಬೇಕು. ಎರಡು ಬಿಎಲ್‌ಡಿಸಿ ಫ್ಯಾನಿನ ಬೆಲೆ ಇದರ ಮುಂದೆ ಏನೇನೂ ಅಲ್ಲ. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಇವು ಮೂರನ್ನೂ ಈ ಪಟ್ಟಿಗೆ ಸೇರಿಸಲೇಬೇಡಿ. ಸ್ನಾನದ ನೀರಿಗೆ ಬೇರೆ ಸೋಲಾರ್ ಹೀಟರ್ ಇದೆ, ಹಂಡೆ ಒಲೆಯೂ ಇದೆ. ಫ್ರಿಜ್ ಬೇಕೇ ಬೇಕೆಂದರೆ ದಿನಕ್ಕೆ ಸುಮಾರು ಒಂದು ಯೂನಿಟ್ ಕೂಡಿಸಿ. ಅದೊಂದೇ ಇಡೀ ವ್ಯವಸ್ಥೆಯನ್ನು ಹತ್ತಿರ ಹತ್ತಿರ ಎರಡರಷ್ಟು ಮಾಡುತ್ತದೆ ಎಂದು ತಿಳಿದೇ ಕೂಡಿಸಿ.

4. ಬೇಸಿಗೆಗಲ್ಲ, ಆಷಾಢಕ್ಕೆ ಅಳತೆ ಮಾಡಿ.

ನಮ್ಮ ಸೀಮೆಗೆ ಮಳೆ ಕಮ್ಮಿ, ಮೋಡ ಕಮ್ಮಿಯಲ್ಲ. ಜುಲೈ, ಆಗಸ್ಟ್‌ನಲ್ಲಿ ಹನಿ ಬೀಳದಿದ್ದರೂ ಮೋಡ ದಿನಗಟ್ಟಲೆ ಓಡುತ್ತಿರುತ್ತದೆ. ಚಳಿಗಾಲದ ತಿಳಿ ಬಿಸಿಲನ್ನು ನಂಬಿ ಅಳತೆ ಮಾಡಿದರೆ ಕಷ್ಟವಾಗುವುದು ಆಗಲೇ. ಆದ್ದರಿಂದ ದಿನಕ್ಕೆ 4 ಗಂಟೆಯ ಪೂರ್ಣ ಬಿಸಿಲು ಎಂದಷ್ಟೇ ಹಿಡಿಯಿರಿ. ಧೂಳು, ತಂತಿ, ಬ್ಯಾಟರಿ, ಶಾಖ ಎಲ್ಲವೂ ತಿನ್ನುವುದು ಕಳೆದು ನೂರಕ್ಕೆ 70ರಷ್ಟು ಕೈಗೆ ಸಿಗುತ್ತದೆ ಎನ್ನಿ. 1,340ನ್ನು 0.7ರಿಂದ ಭಾಗಿಸಿದರೆ 1,914. ಅದನ್ನು 4ರಿಂದ ಭಾಗಿಸಿದರೆ 480 ವಾಟ್. ಈಗ ಅಂಗಡಿಯಲ್ಲಿ ಸಿಗುವ 540-550 ವಾಟ್‌ನ ಒಂದೇ ದೊಡ್ಡ ಪ್ಲೇಟು ಈ ಮನೆಗೆ ಸರಿಹೋಯಿತು. ಏಪ್ರಿಲ್‌ನ ಉರಿಬಿಸಿಲಿನಲ್ಲಿ ಪ್ಲೇಟು ಹೆಚ್ಚು ಕೊಡುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪ್ಲೇಟಿನ ಶಾಖ 60 ಡಿಗ್ರಿ ದಾಟಿದರೆ ಅದರ ಶಕ್ತಿ ನೂರಕ್ಕೆ 12ರಿಂದ 14ರಷ್ಟು ಇಳಿಯುತ್ತದೆ.

5. ಹಣದಲ್ಲೂ ಮನಸ್ಸಿನಲ್ಲೂ ದೊಡ್ಡ ಪಾಲು ಬ್ಯಾಟರಿಗೆ ಇರಲಿ.

ತಿರುಮಣಿಯ ಪಾರ್ಕು ಹಗಲಲ್ಲಿ ಮಾಡಿದ್ದನ್ನು ಆಗಲೇ ಲೈನಿಗೆ ಬಿಡುತ್ತದೆ, ರಾತ್ರಿ ಅದರ ಜವಾಬ್ದಾರಿಯಲ್ಲ. ನಿಮ್ಮ ಮನೆಗೆ ರಾತ್ರಿಯೇ ಮುಖ್ಯ. ಹಾಗಾಗಿ ಬ್ಯಾಟರಿ ಎಂದರೆ ಮನೆಯ ಕಣಜ. ವರ್ಷವಿಡೀ ಬೆಳೆದರೂ ಕಣಜ ಸೋರಿದರೆ ಉಣ್ಣಲು ಉಳಿಯುವುದಿಲ್ಲ.

12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಹಿಡಿಯುವುದು 1,800 ವಾಟ್-ಅವರ್. ಬಳಸಬೇಕಾದದ್ದು ಅರ್ಧ, 900 ಮಾತ್ರ. ದಿನಾ ಪೂರ್ತಿ ಬರಿದು ಮಾಡಿದ ಸೀಸದ ಬ್ಯಾಟರಿ ಒಂದೆರಡು ವರ್ಷದಲ್ಲೇ ಕೈಕೊಡುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ನಾಲ್ಕೈದು ವರ್ಷ ಬಾಳುತ್ತದೆ. ನಮ್ಮ ಲೆಕ್ಕದ ಮನೆಗೆ ಇಂಥ ಎರಡು ಬೇಕು. ಆಗ ಒಂದು ರಾತ್ರಿ ನಿಶ್ಚಿಂತೆ, ಮಾರನೆ ದಿನ ಮೋಡ ಕವಿದರೂ ಟಿವಿ ಬಿಟ್ಟು ದೀಪ, ಒಂದು ಫ್ಯಾನು ನಡೆಸಬಹುದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮೊದಲು ದುಬಾರಿ. ಆದರೆ ನೂರಕ್ಕೆ 80ರಷ್ಟನ್ನು ಧೈರ್ಯವಾಗಿ ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಆಯಸ್ಸು ಎರಡರಷ್ಟೋ ಇನ್ನೂ ಹೆಚ್ಚೋ. ಕೈಯಲ್ಲಿ ಹಣವಿದ್ದರೆ ಅದೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಹೊಂದುವ ಚಾರ್ಜರ್ ಇರಲೇಬೇಕು. ಹಳೇ ಯುಪಿಎಸ್‌ಗೆ ಹಾಗೇ ಸಿಕ್ಕಿಸಬಾರದು. ಎರಡು ಬ್ಯಾಟರಿ ಜೋಡಿಸುವಾಗ ಒಂದು ಹಳತು ಒಂದು ಹೊಸತು ಎಂದೂ ಮಾಡಬೇಡಿ, ಹಳತು ಹೊಸತನ್ನೂ ಕೆಡಿಸುತ್ತದೆ.

ಎಲ್ಲಿಡುವುದು? ಶೀಟಿನ ಮಾಡಿನ ಕೆಳಗೆ ಬೇಡ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಮಲಗುವ ಕೋಣೆ, ಒಲೆಯ ಪಕ್ಕ, ದೇವರ ದೀಪದ ಹತ್ತಿರವೂ ಬೇಡ, ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಬಂಡೆ ಚಪ್ಪಡಿ ಹೊದಿಸಿದ ತಂಪು ಕೋಣೆ ಇದ್ದರೆ, ಗಾಳಿಯಾಡುವ ಕಿಟಕಿಯ ಬಳಿ, ನೆಲದ ಮೇಲೆ ಹಲಗೆ ಹಾಕಿ ಇಡಿ.

6. 12 ವೋಲ್ಟ್ ಬಿಡಿ, 24 ಹಿಡಿಯಿರಿ.

ಲೆಕ್ಕ ನೋಡಿ. 12 ವೋಲ್ಟ್‌ನಲ್ಲಿ 120 ವಾಟ್ ಕಳಿಸಲು 10 ಆಂಪಿಯರ್ ಬೇಕು. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 10 ಮೀಟರ್ ದೂರ ಹೋಗಿ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಒಂದೂವರೆ ವೋಲ್ಟ್ ತಂತಿಯಲ್ಲೇ ಕರಗುತ್ತದೆ, ನೂರಕ್ಕೆ 12ರಷ್ಟು. 24 ವೋಲ್ಟ್‌ನಲ್ಲಿ ಅದೇ ತಂತಿ, ಅದೇ ದೂರ, ನಷ್ಟ ನೂರಕ್ಕೆ 3. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ತಂತಿ ಆದಷ್ಟು ಗಿಡ್ಡ, ಆದಷ್ಟು ದಪ್ಪ ಇರಲಿ. ಇಲ್ಲಿ ಉಳಿತಾಯ ಮಾಡಹೋಗಬೇಡಿ.

7. ದೊಡ್ಡ ಪ್ಲೇಟಿಗೆ ಎಂಪಿಪಿಟಿ ಕಂಟ್ರೋಲರ್ ಮಾತ್ರ.

550 ವಾಟ್‌ನ ಪ್ಲೇಟು ಸುಮಾರು 41 ವೋಲ್ಟ್, 13 ಆಂಪಿಯರ್‌ನಲ್ಲಿ ಕೆಲಸ ಮಾಡುತ್ತದೆ. ಪ್ಲೇಟಿಗೂ ಬ್ಯಾಟರಿಗೂ ನಡುವೆ ಕೂರುವ ಕಂಟ್ರೋಲರ್ ಅಗ್ಗದ ಪಿಡಬ್ಲ್ಯುಎಂ ಆದರೆ ಅದನ್ನು ಬ್ಯಾಟರಿಯ 26 ವೋಲ್ಟ್‌ಗೆ ಎಳೆದುಬಿಡುತ್ತದೆ. 13ನ್ನು 26ರಿಂದ ಗುಣಿಸಿ ನೋಡಿ, 338 ವಾಟ್. ದುಡ್ಡು ಕೊಟ್ಟದ್ದು 550ಕ್ಕೆ! ಪ್ಲೇಟಿನ ಹಿಂದಿನ ಸ್ಟಿಕ್ಕರ್ ಮತ್ತು ಕಂಟ್ರೋಲರ್ ಮೇಲಿನ ಬರಹ ಎರಡನ್ನೂ ಅಂಗಡಿಯಲ್ಲೇ ಪಕ್ಕಪಕ್ಕ ಇಟ್ಟು ಓದಿಸಿ. ಪ್ಲೇಟಿನ ಗರಿಷ್ಠ ವೋಲ್ಟೇಜು (ಸುಮಾರು 50) ಕಂಟ್ರೋಲರ್ ತಡೆಯುವ ಮಿತಿಯೊಳಗೆ ಇದೆಯೇ ಎಂಬುದನ್ನೂ ನೋಡಿ.

8. ಉತ್ತರದ ಮರವನ್ನೂ ನೋಡಿ.

ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿಯಷ್ಟು ಓರೆಯಾಗಿರಬೇಕು, ಇದು ಎಲ್ಲರಿಗೂ ಗೊತ್ತು. ಆದ್ದರಿಂದ ದಕ್ಷಿಣದ ಮರ ಮಾತ್ರ ನೋಡುತ್ತಾರೆ. ಪೆನುಕೊಂಡ ಇರುವುದು 14ನೇ ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಹತ್ತಿರದಲ್ಲೇ ಉತ್ತರಕ್ಕೆ ಮಾಡಿಗಿಂತ ಎತ್ತರದ ಬೇವಿನ ಮರವೋ ನೀರಿನ ಟ್ಯಾಂಕೋ ಇದ್ದರೆ ಬೆಳಿಗ್ಗೆ, ಸಂಜೆ ಅದರ ನೆರಳು ಬೀಳಬಹುದು, ಅದೂ ಮೋಡ ಬಿಟ್ಟುಕೊಟ್ಟ ಬಿಸಿಲಿನ ಮೇಲೆ. ಒಂದು ತೆಂಗಿನ ಗರಿಯ ನೆರಳು ಪ್ಲೇಟಿನ ಮೂರನೇ ಒಂದು ಭಾಗವನ್ನೇ ಮಲಗಿಸಬಲ್ಲದು. ಬೆಟ್ಟದ ಬುಡದ ಮನೆಯವರು ಬಿಸಿಲು ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೋಗುತ್ತದೆ ಎಂದು ಗುರುತು ಹಾಕಿಕೊಂಡೇ ಜಾಗ ಆರಿಸಲಿ.

9. ಗಾಳಿಗೆ ಹೆದರಿ ಕಟ್ಟಿ.

ರಾಮಗಿರಿ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಸೀಮೆ ಇದು. ಎರಡೂವರೆ ಚದರ ಮೀಟರಿನ ಪ್ಲೇಟು ಆಷಾಢದ ಗಾಳಿಗೆ ಪಟದಂತೆ ಎದ್ದೀತು. ಮೋಲ್ಡಿಂಗ್ ಮನೆಯಾದರೆ ಸ್ಟ್ಯಾಂಡಿನ ಕಾಲುಗಳಿಗೆ ಕಾಂಕ್ರೀಟ್ ದಿಮ್ಮಿ ಹಾಕಿಸಿ. ಮಣ್ಣಿನ ಮಾಳಿಗೆ, ಹಳೇ ಶೀಟಿನ ಮಾಡು ಆದರೆ ಅದರ ಮೇಲೆ ಬೇಡವೇ ಬೇಡ. ಅಂಗಳದಲ್ಲಿ ಗಟ್ಟಿ ಕಂಬ ನೆಟ್ಟು ಕೂರಿಸಿ, ತೊಳೆಯಲೂ ಸುಲಭ.

10. ಬಿಸಿಲಿದ್ದಾಗಲೇ ಕೆಲಸ ಮುಗಿಸಿ.

ಮಿಕ್ಸಿ, ಫೋನ್ ಚಾರ್ಜು, ಟ್ಯಾಂಕಿಗೆ ನೀರೇರಿಸುವ ಸಣ್ಣ ಮೋಟಾರು, ಎಲ್ಲ 11ರಿಂದ 2ರೊಳಗೆ. ಆಗ ಕರೆಂಟು ಪ್ಲೇಟಿನಿಂದ ನೇರವಾಗಿ ಬರುತ್ತದೆ, ಬ್ಯಾಟರಿ ಸವೆಯುವುದಿಲ್ಲ.

11. ಬೋರ್‌ವೆಲ್ ಪಂಪನ್ನು ಮನೆಯ ಸೋಲಾರ್‌ಗೆ ಸೇರಿಸಬೇಡಿ.

ಮೋಟಾರು ಹೊರಡುವಾಗ ತನ್ನ ಅಳತೆಯ ಹಲವು ಪಟ್ಟು ಎಳೆಯುತ್ತದೆ. ಅದಕ್ಕೆ 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯಲ್ಲಿ ಬೇರೆ ಸೋಲಾರ್ ಪಂಪ್ ಇದೆ.

12. ಎಸಿ ಬ್ರೇಕರ್ ಡಿಸಿಗೆ ಆಗದು.

ಮನೆಯ ಬೋರ್ಡಿನ ಎಂಸಿಬಿಯನ್ನೇ ಪ್ಲೇಟಿನ ತಂತಿಗೆ ಹಾಕಿದರೆ, ಡಿಸಿ ಕಿಡಿ ಆರದೆ ಉರಿದು ಬೆಂಕಿ ಹತ್ತಬಹುದು. ಡಿಸಿ ಎಂದು ಬರೆದಿರುವುದನ್ನೇ ಹಾಕಿಸಿ. ಬಟ್ಟಬಯಲಿನ ಮನೆಗೆ ಅರ್ಥಿಂಗ್ ಮತ್ತು ಸಿಡಿಲು ತಡೆ ಕಡ್ಡಾಯ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗದಂತೆ ನೀರು ಹುಯ್ಯಿರಿ.

13. ಸಾಲದ ಕಂತು ಬೆಳೆಯ ಜೊತೆ ಬರಲಿ.

ರೇಷ್ಮೆಯವರಿಗೆ ಹಿಂದೂಪುರದ ಗೂಡಿನ ಮಾರುಕಟ್ಟೆಯಿಂದ ಬೆಳೆಬೆಳೆಗೂ ಹಣ ಬರುತ್ತದೆ, ಕಡ್ಲೆಕಾಯಿಯವರಿಗೆ ವರ್ಷಕ್ಕೊಮ್ಮೆ. ಇಬ್ಬರಿಗೂ ಒಂದೇ ತಿಂಗಳ ಕಂತು ಕಟ್ಟಿಸಿದರೆ ಒಬ್ಬರು ತಪ್ಪುವುದು ಖಂಡಿತ. ಬ್ಯಾಂಕಿನಲ್ಲಿ ಇದನ್ನು ಬಾಯಿಬಿಟ್ಟು ಕೇಳಿ. ಐದನೇ ವರ್ಷಕ್ಕೆ ಬರುವ ಹೊಸ ಬ್ಯಾಟರಿಯ ಹಣವನ್ನು ಈಗಿನಿಂದಲೇ ಬೇರೆ ಎತ್ತಿಡಿ. ಪ್ಲೇಟಿಗೆ 25 ವರ್ಷದ ಗ್ಯಾರಂಟಿ ಎಂದು ಹೇಳಿದವರು ಬ್ಯಾಟರಿಯ ಮಾತು ಎತ್ತಿರುವುದಿಲ್ಲ.

14. ಬೆಳಗಿನ ಜಾವದ ವೋಲ್ಟು ಬರೆದಿಡಿ.

ಇನ್ವರ್ಟರ್ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ ತೂಗುಹಾಕಿ. ಹಾಲು ಕರೆಯಲು ಏಳುವವರು, ಪ್ಲೇಟಿಗೆ ಬಿಸಿಲು ತಾಕುವ ಮೊದಲು, ಫ್ಯಾನು ದೀಪ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮೀಟರಿನ ಅಂಕಿ ಬರೆಯಲಿ. ಸೀಸದ ಬ್ಯಾಟರಿಯ 24 ವೋಲ್ಟ್ ಜೋಡಿಯಲ್ಲಿ 24.4 ಎಂದರೆ ಅರ್ಧ ಉಳಿದಿದೆ. 24.8, 24.7 ಎಂದು ಬರುತ್ತಿದ್ದದ್ದು ಮೋಡವಿಲ್ಲದ ವಾರದೊಳಗೇ 24.2ಕ್ಕೆ ಇಳಿದರೆ ಮೂರರಲ್ಲಿ ಒಂದು ಕಾರಣ: ಪ್ಲೇಟು ಧೂಳಾಗಿದೆ, ಬಳಕೆ ಹೆಚ್ಚಾಗಿದೆ, ಇಲ್ಲವೇ ಬ್ಯಾಟರಿಯ ನೀರು ಇಳಿದಿದೆ. ಕತ್ತಲಾಗುವ ಮೊದಲೇ ಗೊತ್ತಾಯಿತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಮ್ಮ ಬೋರಿನ ಉಪ್ಪುನೀರು ಒಂದು ಹನಿಯೂ ಬೇಡ. ಪ್ಲೇಟನ್ನು ಹೊತ್ತು ಹುಟ್ಟುವ ಮುಂಚೆ ಮೆತ್ತನೆ ಬಟ್ಟೆಯಿಂದ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರಿನ ನೀರೇ ಗತಿ ಎಂದರೆ ತಕ್ಷಣ ಒರೆಸಿ, ಬಿಳಿ ಕಲೆ ಕೂತರೆ ಬಿಡುವುದಿಲ್ಲ.

15. ರಿಪೇರಿಯವರು ಅದೇ ದಿನ ಬಂದು ಹೋಗುವಷ್ಟು ಹತ್ತಿರ ಇದ್ದಾರೆಯೇ ನೋಡಿ.

ನೂರಾರು ಕಿಲೋಮೀಟರ್ ದೂರದ ಅಗ್ಗದ ಅಂಗಡಿಗಿಂತ ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಬಾಗಿಲು ತೆರೆದಿರುವ ಅಂಗಡಿ ಮೇಲು. ಬಿಲ್ಲು, ಗ್ಯಾರಂಟಿ ಕಾರ್ಡು, ವೈರಿಂಗ್‌ನ ಕೈಬರಹದ ನಕ್ಷೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಡಿ. ಹೆಚ್ಚುವರಿ ಫ್ಯೂಸು ನಾಲ್ಕು ತೆಗೆದಿಡಿ. ಬ್ಯಾಟರಿಯ ಮೇಲೆ ಹಾಕಿಸಿದ ತಾರೀಖನ್ನು ಪೇಂಟಿನಲ್ಲಿ ಬರೆಸಿ.