ವಾಟರ್ ಪಂಪ್ ಹೌಸಿಂಗ್: ಮನೆಯಲ್ಲೇ ಬಿಚ್ಚಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ಸಮೀಪದ ಹಳ್ಳಿ. ಹುಲಿಕಲ್ ಘಾಟಿ ಹತ್ತುವಾಗ ಹಳೆಯ ಕಾರು ಬಿಸಿಯೇರುತ್ತದೆ, ವಾಟರ್ ಪಂಪ್ ಬಳಿ ಸೋರುತ್ತದೆ. ಹೌಸಿಂಗ್ ನಾನೇ ಬದಲಿಸಬಹುದೇ?

ಉತ್ತರ: ಬದಲಿಸಬಹುದು. ಆದರೆ ಮೊದಲು ಸೋರುವ ಜಾಗ ಹುಡುಕಿ. ಎಂಜಿನ್ ಪೂರ್ತಿ ತಣಿದ ಮೇಲೆ ಟಾರ್ಚ್ ಬಿಟ್ಟು ನೋಡಿ. ಪುಲ್ಲಿಯ ಹಿಂದಿನ ಸಣ್ಣ ತೂತಿನಿಂದ ಹನಿ ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ, ಪಂಪನ್ನೇ ಬದಲಿಸಿ. ಹೌಸಿಂಗ್ ಕೂರುವ ಅಂಚಿನಲ್ಲಿ ಬಿಳಿ ಅಥವಾ ಹಸಿರು ಕರೆ ಕಟ್ಟಿದ್ದರೆ ಗ್ಯಾಸ್ಕೆಟ್ ಹಾಳಾಗಿದೆ, ಇಲ್ಲವೇ ಲೋಹ ಸವೆದಿದೆ. ರೇಡಿಯೇಟರ್‌ಗೆ ಹಳ್ಳದ ನೀರು ತುಂಬಿಸುವ ರೂಢಿಯಿದ್ದರೆ ದಯವಿಟ್ಟು ಇವತ್ತೇ ಬಿಡಿ. ಬರಿಯ ನೀರು ಒಳಗಿನಿಂದ ತುಕ್ಕು ತರುತ್ತದೆ.

ಪಂಪ್ ಬಿಚ್ಚಲು ಟೈಮಿಂಗ್ ಬೆಲ್ಟ್ ತೆಗೆಯಬೇಕಾದ ಎಂಜಿನ್ ಆದರೆ ಕೈ ಹಾಕಬೇಡಿ. ಜೋಡಣೆ ತಪ್ಪಿದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಸಾಗರ ಇಲ್ಲವೇ ತೀರ್ಥಹಳ್ಳಿಯ ನುರಿತ ಮೆಕ್ಯಾನಿಕ್‌ಗೆ ಕೊಡಿ.

ಹೊರಗಿನ ಫ್ಯಾನ್ ಬೆಲ್ಟ್ ಮಾತ್ರ ಇದ್ದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಕೂಲೆಂಟನ್ನು ಬೋಗುಣಿಗೆ ಇಳಿಸಿ ಮುಚ್ಚಿಡಿ. ಅದು ಸಿಹಿಯಾದ ವಿಷ, ದನ ನಾಯಿ ನೆಕ್ಕಿದರೆ ಸಾಯುತ್ತವೆ, ತೋಟಕ್ಕೆ ಚೆಲ್ಲಬೇಡಿ. ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರುವುದರಿಂದ ರಟ್ಟಿನ ಮೇಲೆ ಹೌಸಿಂಗ್ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಹಳೆ ಗ್ಯಾಸ್ಕೆಟನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯದೆ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆಯಿರಿ. ಹೊಸ ಗ್ಯಾಸ್ಕೆಟ್ ಇಟ್ಟು ಹೌಸಿಂಗ್ ಕೂರಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯುತ್ತಾ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ನಿಲ್ಲಿಸಿ. ಕಾನ್ಸಂಟ್ರೇಟ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಪ್ರಮಾಣದಲ್ಲಿ ತುಂಬಿ, ಹೀಟರ್ ಹಾಕಿ, ಗುಳ್ಳೆ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸಿ.

ಬೋಲ್ಟ್ ಮುರಿದರೆ, ಆಯಿಲ್ ಹಾಲುಬಣ್ಣಕ್ಕೆ ತಿರುಗಿದರೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಆಯಿಲ್ ಅಥವಾ ಹೊಗೆಯ ಲಕ್ಷಣ ಕಂಡರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಬೇಕು. ಗ್ಯಾರೇಜಿಗೆ ಓಡಿಸಿಕೊಂಡು ಹೋಗದೆ ಟೋ ಮಾಡಿಸಿ.